ಚೆನ್ನೈ ಕಡೆಯ ಖಾಸಗಿ ವಿಶ್ವವಿದ್ಯಾಲಯವೋ, ದಾವಣಗೆರೆಯ ಕಾಲೇಜೋ: ಎರಡೂ ಕಡೆ ಫೀಸು ಕಟ್ಟಿದವಳ ಹೋಲಿಕೆ

ನನ್ನದು ದಾವಣಗೆರೆಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಮೇ ತಿಂಗಳು ಬಂತೆಂದರೆ ಪಿಯುಸಿ ಮುಗಿಸಿದ ಮಕ್ಕಳು, ಅವರ ಹಿಂದೆ ಅಪ್ಪ ಅಮ್ಮ, ಅಂಗಡಿ ಮುಂದೆ ಸಾಲು. ಅಂಕಪಟ್ಟಿ, ಜಾತಿ-ಆದಾಯ, ಗ್ರಾಮೀಣ ಸರ್ಟಿಫಿಕೇಟು, ಎಲ್ಲ ಮೂರು ಮೂರು ಸೆಟ್. ಮಷಿನ್ ಓಡುತ್ತಿರುವಾಗ ಯಾರಾದರೂ ಕೇಳೇ ಕೇಳುತ್ತಾರೆ: "ಅಕ್ಕಾ, ನಿಮ್ಮ ಮಗನ್ನ ಚೆನ್ನೈ ಕಡೆ ಹಾಕಿದ್ರಲ್ಲ, ಹೆಂಗೈತಿ ಅಲ್ಲಿ? ನಮ್ಮ ಹುಡುಗಂಗೂ ಅಲ್ಲಿಂದ ದಿನಾ ಫೋನ್ ಬರ್ತೈತಿ."

ಅಂಗಡಿಯಲ್ಲಿ ನಿಂತು ಎರಡು ಮಾತಲ್ಲಿ ಹೇಳುವ ವಿಷಯ ಅಲ್ಲ ಇದು. ಹಾಗಾಗಿ ಬರೆಯುತ್ತಿದ್ದೇನೆ. ಮಗ 2023ರಲ್ಲಿ ಇಂಜಿನಿಯರಿಂಗ್ ಓದಲು ಚೆನ್ನೈ ಕಡೆಯ ಒಂದು ಖಾಸಗಿ ವಿಶ್ವವಿದ್ಯಾಲಯ ಸೇರಿದ. ಮಗಳು 2024ರಲ್ಲಿ ಸಿಇಟಿ ಸೀಟು ತಗೊಂಡು ಇಲ್ಲೇ ಊರಲ್ಲಿ ಸೇರಿದಳು. ಎರಡೂ ಕಡೆ ಹೆಸರು ಹೇಳುವುದಿಲ್ಲ, ಮಕ್ಕಳು ಇನ್ನೂ ಅಲ್ಲೇ ಓದುತ್ತಿದ್ದಾರೆ. ಆದರೆ ನನ್ನ ಒಲವು ಯಾವ ಕಡೆ ಅನ್ನೋದನ್ನು ಮುಚ್ಚಿಡಲ್ಲ. ಇನ್ನೊಂದು ಮಗು ಇದ್ದಿದ್ದರೆ ಕಣ್ಣು ಮುಚ್ಚಿ ಊರಲ್ಲೇ ಸೇರಿಸುತ್ತಿದ್ದೆ.

ಮಗ ಹೊರಗೆ ಹೋಗಿದ್ದು ಊರಲ್ಲಿ ಕಾಲೇಜಿಲ್ಲ ಅಂತಲ್ಲ. ಬಿ.ಡಿ.ಟಿ. 1951ರಿಂದ ಇದೆ, ಬಾಪೂಜಿ 1979ರಿಂದ, ಜಿ.ಎಂ. 2001ರಿಂದ. ಜಿ.ಎಂ. ಈಗ ವಿಶ್ವವಿದ್ಯಾಲಯವೇ ಆಗಿದೆ. ಇವನಿಗೆ ಬೇಕಿದ್ದಿದ್ದು ಕಂಪ್ಯೂಟರ್ ಸೈನ್ಸ್. ಸಿಇಟಿ ರ್‍ಯಾಂಕಿಗೆ ಊರಲ್ಲಿ ಸಿಕ್ಕಿದ್ದು ಸಿವಿಲ್. ಚೆನ್ನೈ ಕಡೆಯ ಆ ಖಾಸಗಿಯಲ್ಲಿ ಅವರದೇ ಪರೀಕ್ಷೆ, ಅವರದೇ ರ್‍ಯಾಂಕು. ರ್‍ಯಾಂಕು ಕೆಳಗಿಳಿದಷ್ಟೂ ಫೀಸು ಮೇಲೇರುತ್ತದೆ, ಸೀಟು ಮಾತ್ರ ಸಿಗುತ್ತದೆ. ಸಿಕ್ಕಿತು.

ಈಗ ಬಿಸಿಲಿನ ಕಥೆ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ನಾವು ಕ್ಯಾಂಪಸ್ ನೋಡಲು ಹೋಗಿದ್ದು ಜನವರಿಯಲ್ಲಿ. ತಪ್ಪು ಅಲ್ಲೇ ಆಯಿತು. ತಣ್ಣಗೆ ಗಾಳಿ, ದಾರಿಯುದ್ದ ಮರ, ಹುಲ್ಲಿನ ಮೇಲೆ ಮಕ್ಕಳು ಕೂತು ಗಿಟಾರ್ ಬಾರಿಸುತ್ತಿದ್ದಾರೆ. ಕೋಟು ಹಾಕಿದ ಹುಡುಗಿಯೊಬ್ಬಳು ನಮ್ಮನ್ನು ಬ್ಯಾಟರಿ ಗಾಡಿಯಲ್ಲಿ ಕೂರಿಸಿಕೊಂಡು ಎಸಿ ಸಭಾಂಗಣ, ಎಸಿ ಲೈಬ್ರರಿ, ಎಸಿ ಲ್ಯಾಬು ತೋರಿಸಿದಳು. ಹಾಸ್ಟೆಲ್ ಅಂತ ತೋರಿಸಿದ್ದು ನೆಲಮಹಡಿಯ ಒಂದು ರೂಮು. ನಮ್ಮ ಮನೆಯವರು ಮಂಚ ಒತ್ತಿ ನೋಡಿ "ನಮ್ಮನೆಗಿಂತ ಚಲೋ ಐತಿ" ಅಂದರು. ಬಿಸಿಲು ಹೇಗಿರುತ್ತೆ ಅಂತ ನಾನೇ ಕೇಳಿದೆ. "ಆಂಟಿ, ಇಟ್ಸ್ ಮ್ಯಾನೇಜಬಲ್" ಅಂದಳು. ಚಿತ್ರದುರ್ಗದಿಂದ ಜೊತೆಗೆ ಬಂದಿದ್ದ ನಮ್ಮ ಮೈದುನ ನಕ್ಕುಬಿಟ್ಟ. "ಅತ್ತಿಗೇ, ಕೋಟೆ ಬಂಡೆ ಮ್ಯಾಲೆ ಆಡಿ ಬೆಳೆದೋರು ನಾವು. ನಮಗೇನು ಬಿಸಿಲು ಹೊಸದಾ?"

ಹೊಸದೇ ಆಗಿತ್ತು. 2024ರ ಏಪ್ರಿಲ್ ಕೊನೆ. ರಾತ್ರಿ ಒಂದೂವರೆಗೆ ಫೋನು. ಆ ಹೊತ್ತಲ್ಲಿ ಮಗನ ಹೆಸರು ನೋಡಿ ನನ್ನ ಎದೆ ಧಸಕ್ಕೆಂದಿತು. "ಅವ್ವಾ, ಏನಿಲ್ಲ, ನಿದ್ದೆ ಬರ್ತಿಲ್ಲ. ಇಲ್ಲಿ ರಾತ್ರಿನೂ ಬಿಸಿಲು ಐತಿ" ಅಂದ. ವಿಡಿಯೋ ಕಾಲ್ ಮಾಡಿದರೆ ಹುಡುಗ ಕಾರಿಡಾರಿನ ನೆಲದ ಮೇಲೆ ಒದ್ದೆ ಟವೆಲ್ ಹಾಸಿಕೊಂಡು ಮಲಗಿದ್ದಾನೆ. ಅವನ ಆಚೀಚೆ ಇನ್ನೂ ಹತ್ತು ಹನ್ನೆರಡು ಹುಡುಗರು, ಒಬ್ಬೊಬ್ಬರ ಕೈಯಲ್ಲೂ ನೋಟ್ಸು. ಬೆಳಗ್ಗೆ ಪರೀಕ್ಷೆ. ಅವನ ರೂಮು ಕೊನೇ ಮಹಡಿ. ಹಗಲಿಡೀ ಕಾದ ತಾರಸಿ ರಾತ್ರಿಯಿಡೀ ಬಿಸಿ ಉಗುಳುತ್ತದೆ, ಫ್ಯಾನು ಅದನ್ನೇ ತಂದು ಮೈಮೇಲೆ ಸುರಿಯುತ್ತದೆ.

ಆ ವರ್ಷ ನಮ್ಮೂರಲ್ಲೇನು ಕಡಿಮೆ ಸುಟ್ಟಿತಾ? ಇಲ್ಲ. ಮಧ್ಯಾಹ್ನ ಅಂಗಡಿ ಶಟರ್ ಮುಟ್ಟಲಾಗುತ್ತಿರಲಿಲ್ಲ. ಆದರೆ ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಗಾಳಿ ಒಣ. ಹಗಲು 38-39 ಡಿಗ್ರಿ ಇದ್ದರೂ ನಡುರಾತ್ರಿ ದಾಟಿದ ಮೇಲೆ 23-24ಕ್ಕೆ ಇಳಿಯುತ್ತದೆ. ದುರ್ಗದ ಬಂಡೆಯೂ ಅಷ್ಟೇ. ಹಗಲು ಕಾದದ್ದು ರಾತ್ರಿ ಗಾಳಿಗೆ ಆರುತ್ತದೆ. ಚೆನ್ನೈ ಇರುವುದು ಸಮುದ್ರದ ಮಗ್ಗುಲಲ್ಲಿ. ಮೇ ತಿಂಗಳಲ್ಲಿ ರಾತ್ರಿಯೂ 28ರ ಆಸುಪಾಸಲ್ಲೇ ನಿಂತಿರುತ್ತದೆ, ಅದರ ಮೇಲೆ ಗಾಳಿಯಲ್ಲಿ ನೀರು. ಬೆವರು ಬರುತ್ತದೆ, ಆರುವುದಿಲ್ಲ. ಮೇ ಮೊದಲ ವಾರದಿಂದ ಮೂರೂವರೆ ವಾರದ ಕಡುಬಿಸಿಲಿಗೆ ಅವರು ಕತ್ತಿರಿ ಅನ್ನುತ್ತಾರೆ, ಅಗ್ನಿ ನಕ್ಷತ್ರ ಅಂತಲೂ ಹೇಳುತ್ತಾರೆ. ಸೆಮಿಸ್ಟರ್ ಪರೀಕ್ಷೆ ಸರಿಯಾಗಿ ಅದಕ್ಕೇ ಬಂದು ಬೀಳುತ್ತದೆ.

ಇನ್ನೊಂದು ಪೆದ್ದತನ ಹೇಳುತ್ತೇನೆ, ನಗಬೇಡಿ. ಮಗನಿಗೆ ತಣ್ಣೀರು ಇರಲಿ ಅಂತ ಸಂತೆಯಲ್ಲಿ ಒಂದು ಮಣ್ಣಿನ ಹೂಜಿ ಕೊಂಡು, ಹಳೇ ಬೆಡ್‌ಶೀಟಲ್ಲಿ ಸುತ್ತಿ, ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬೆಂಗಳೂರು ದಾಟಿಸಿ ಅಲ್ಲಿಗೆ ಒಯ್ದೆ. ಒಂದು ವಾರ ಬಿಟ್ಟು ಕೇಳಿದರೆ "ಅವ್ವಾ, ನೀರು ಬೆಚ್ಚಗೇ ಇರ್ತೈತಿ" ಅಂದ. ಹೂಜಿ ಮೈಯಿಂದ ಜಿನುಗಿದ ನೀರು ಆವಿಯಾದರೆ ತಾನೇ ಒಳಗಿನ ನೀರು ತಣ್ಣಗಾಗುವುದು? ಗಾಳಿಯಲ್ಲೇ ನೀರು ತುಂಬಿದ್ದರೆ ಅದು ಆವಿಯಾಗುವುದೆಲ್ಲಿ? ಏರ್ ಕೂಲರ್ ಕೆಲಸ ಮಾಡುವುದೂ ಇದೇ ಲೆಕ್ಕದಲ್ಲಿ. ರೂಮ್‌ಮೇಟ್ ಒಬ್ಬ ಕದ್ದು ತಂದಿದ್ದ ಸಣ್ಣ ಕೂಲರನ್ನು ವಾರ್ಡನ್ ಎತ್ತಿಕೊಂಡು ಹೋದರಂತೆ. ಇಟ್ಟುಕೊಂಡಿದ್ದರೂ ರೂಮು ಇನ್ನಷ್ಟು ಜಿಗುಟಾಗುತ್ತಿತ್ತು ಅಷ್ಟೇ.

ಹಾಗಾದರೆ ಎಸಿ ರೂಮು ತಗೋ ಅಂದೆವು. ನಡುವೆ ಬದಲಾಯಿಸಲು ಬರುವುದಿಲ್ಲ, ವರ್ಷದ ಮೊದಲೇ ಬುಕ್ ಮಾಡಬೇಕು. ಸರಿ, ಎರಡನೇ ವರ್ಷಕ್ಕೆ 42 ಸಾವಿರ ಜಾಸ್ತಿ ಕಟ್ಟಿದೆವು. ಎಸಿ ಬಂತು. ಅದರ ಜೊತೆ ನಾಲ್ಕು ಮಂದಿ ಬಂದರು, ರಿಮೋಟು ಒಂದೇ. ಒಬ್ಬನಿಗೆ 18 ಬೇಕು, ಇನ್ನೊಬ್ಬನಿಗೆ 26. ಹದಿನೆಂಟರವನೇ ಗೆಲ್ಲುತ್ತಾನೆ, ಯಾಕೆಂದರೆ ಅವನು ಕೊನೆಗೆ ಮಲಗುತ್ತಾನೆ. ಎಸಿ ಗಾಳಿ ನೇರ ಬೀಳುವ ಮಂಚ ನಮ್ಮ ಹುಡುಗನದು. ಚೆನ್ನೈ ಬೇಸಿಗೆಗೆ ನಾನು ಕೊರಿಯರ್‌ನಲ್ಲಿ ರಗ್ಗು ಕಳಿಸಿದೆ. ಕೊರಿಯರ್ ಹುಡುಗ ಎರಡು ಸಲ ವಿಳಾಸ ಓದಿದ. ಇಷ್ಟಾದರೂ ಎಸಿ ಓಡುವುದು ರಾತ್ರಿ ಎಂಟರಿಂದ ಬೆಳಗ್ಗೆ ಏಳರವರೆಗೆ ಮಾತ್ರ. ಭಾನುವಾರ ಹಗಲು ಮತ್ತೆ ಲೈಬ್ರರಿಯೇ ಗತಿ. ಮೇ ತಿಂಗಳಲ್ಲಿ ಕೆಟ್ಟರೆ ರಿಪೇರಿಗೆ ಬರಲು ಹನ್ನೊಂದು ದಿನ. ಆ ಹನ್ನೊಂದು ದಿನದ ದುಡ್ಡು ವಾಪಸ್ ಕೊಡಿ ಅಂತ ನಮ್ಮ ಮನೆಯವರು ಮೇಲ್ ಬರೆಸಿದರು. "ನಿಮ್ಮ ದೂರು ದಾಖಲಾಗಿದೆ" ಅಂತ ಉತ್ತರ ಬಂತು. ಅದು ಇನ್ನೂ ದಾಖಲಾಗಿಯೇ ಇದೆ.

ಮಳೆಯ ವಿಷಯಕ್ಕೂ ಬುದ್ಧಿ ಬಂತು. ನಮ್ಮಲ್ಲಿ ಜೂನ್ ಬಂದರೆ ಮೋಡ. ಅಲ್ಲಿ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಚೆನ್ನೈ ನೀರಲ್ಲಿ ನಿಂತಿತ್ತು. ನಾವು ಟಿವಿ ಮುಂದೆ ಕೂತಿದ್ದೆವು, ಅವನ ಫೋನು ಒಂದೂವರೆ ದಿನ ಸತ್ತಿತ್ತು. ಆ ಒಂದೂವರೆ ದಿನದ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ.

ಮಗಳ ಕಡೆ ಬರೋಣ. 2024ರ ಸಿಇಟಿ ನೆನಪಿದೆಯಲ್ಲ, ಸಿಲೆಬಸ್ಸಿನಲ್ಲಿ ಇಲ್ಲದ್ದನ್ನು ಕೇಳಿ ಕೊನೆಗೆ 50 ಪ್ರಶ್ನೆ ಕೈಬಿಟ್ಟರಲ್ಲ, ಆ ಬ್ಯಾಚು ಇವಳದು. ಗಲಾಟೆಯ ನಡುವೆ ನಾವೂ ಹೆದರಿ ಅಣ್ಣನ ವಿಶ್ವವಿದ್ಯಾಲಯದಲ್ಲೇ ಇವಳಿಗೂ ಒಂದು ಸೀಟಿಗೆ ಮುಂಗಡ ಕಟ್ಟಿಬಿಟ್ಟಿದ್ದೆವು. ಖಾಸಗಿಯವರು ಹಿಡಿಯುವುದೇ ಹೀಗೆ. ಸಿಇಟಿ ಫಲಿತಾಂಶ ಬರುವ ಮೊದಲೇ "ಈ ವಾರ ಕಟ್ಟದಿದ್ದರೆ ಸೀಟು ಹೋಗುತ್ತೆ" ಅಂತ ಫೋನು. ಆಮೇಲೆ ಅಣ್ಣನ ಕಾರಿಡಾರ್ ವಿಡಿಯೋ ನೋಡಿ ಅವಳೇ ಬೇಡ ಅಂದಳು. ದುಡ್ಡು ವಾಪಸ್ ಬಂತು, ಏಳು ವಾರ ಹಿಡಿಯಿತು. ಇದಕ್ಕೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗದ, ನಿಯಮ ಇದೆ, 2018ರದ್ದು. ಪ್ರವೇಶದ ಕೊನೇ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಬಿಟ್ಟರೆ ಸಣ್ಣ ಕಡಿತ ಬಿಟ್ಟು ಪೂರ್ತಿ ಫೀಸು ವಾಪಸ್. ಕೊನೇ ದಿನ ಮುಗಿದು 30 ದಿನ ದಾಟಿದರೆ ಸೊನ್ನೆ. ಆಯಾ ವರ್ಷ ಯುಜಿಸಿ ಹೊಸ ದಿನಾಂಕ ಹೊರಡಿಸಿದ್ದರೆ ಅದನ್ನೂ ನೋಡಿಕೊಳ್ಳಿ. ಅರ್ಜಿಯನ್ನು ಬರಹದಲ್ಲೇ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಜೆರಾಕ್ಸ್ ಅಂಗಡಿಯವಳು ಹೇಳುತ್ತಿದ್ದೇನೆ ಅಂತ ಹಗುರ ಮಾಡಬೇಡಿ.

ಮಗಳಿಗೆ ಸಿಕ್ಕಿದ್ದು ಎಲೆಕ್ಟ್ರಾನಿಕ್ಸ್. ಅವಳು ಕೇಳಿದ್ದೂ ಮೊದಲು ಕಂಪ್ಯೂಟರೇ. ಒಂದು ತಿಂಗಳು ಮುಖ ಊದಿಸಿಕೊಂಡಿದ್ದಳು, ಈಗ ಬೋರ್ಡು ವೈರು ಅಂತ ಊಟದ ಟೇಬಲ್ಲೆಲ್ಲ ಅವಳದೇ. ಅವಳ ಕಾಲೇಜಲ್ಲಿ ಎಸಿ ಕ್ಲಾಸಿಲ್ಲ. ಒಂದು ಲ್ಯಾಬಿನ ಅರ್ಧ ಮಷಿನ್ನು ಅವಳಿಗಿಂತ ದೊಡ್ಡ ವಯಸ್ಸಿನವು. ಮಧ್ಯಾಹ್ನದ ಕ್ಲಾಸಲ್ಲಿ ಫ್ಯಾನಿನ ಕೆಳಗಿನ ಬೆಂಚಿಗೆ ಜಗಳ ಇದೆ. ಆದರೆ ಸಂಜೆ ಐದಕ್ಕೆ ಸ್ಕೂಟಿ ಮನೆ ಮುಂದೆ ನಿಲ್ಲುತ್ತದೆ, ರಾತ್ರಿ ಹುಡುಗಿ ನಿದ್ದೆ ಮಾಡುತ್ತಾಳೆ.

ದುಡ್ಡಿನ ಲೆಕ್ಕ ಚಿಕ್ಕದು. ಮಗಳಿಗೆ ಫೀಸು, ಪುಸ್ತಕ, ಪೆಟ್ರೋಲು ಎಲ್ಲ ಸೇರಿ ವರ್ಷಕ್ಕೆ ಒಂದೂಕಾಲು ಲಕ್ಷ ದಾಟಿಲ್ಲ. ಮಗನಿಗೆ ಬರೀ ಹಾಸ್ಟೆಲ್ಲು ಮೆಸ್ಸಿಗೇ ಅಷ್ಟು. ಅದರ ಮೇಲೆ ಫೀಸು ಎರಡು ಲಕ್ಷ ಚಿಲ್ಲರೆ, ಅದರ ಮೇಲೆ ಎಸಿ. ನಾಲ್ಕು ವರ್ಷಕ್ಕೆ ಹದಿನೈದು ಲಕ್ಷ ಹತ್ತಿರ ಹೋಗುತ್ತದೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಪತ್ರ ಕೇಳುತ್ತಾರೆ. ನಮ್ಮ ಮನೆ ಪತ್ರ ಈಗ ಅವರ ಬೀರುವಿನಲ್ಲಿದೆ. ಕಂತು ಓದು ಮುಗಿದ ಮೇಲೆ ಶುರುವಾಗುತ್ತದೆ ನಿಜ, ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ.

ಹಳ್ಳಿ ಕಡೆಯಿಂದ ಬರುವವರಿಗೆ ಒಂದು ಮಾತು. ಸಿಇಟಿಯಲ್ಲಿ ಗ್ರಾಮೀಣದವರಿಗೆ 15, ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್ ಮೀಸಲಾತಿ ಇದೆ. ಆ ಎರಡು ಸರ್ಟಿಫಿಕೇಟು ಹಿಡಿದು ಊರಲ್ಲೇ ಒಳ್ಳೇ ಬ್ರಾಂಚು ತಗೊಂಡವರನ್ನು ಪ್ರತಿವರ್ಷ ನೋಡುತ್ತೇನೆ. ಹೊರರಾಜ್ಯದ ಖಾಸಗಿಯಲ್ಲಿ ಅವು ಬರೀ ಹಾಳೆ.

ಊಟ: ಅಲ್ಲಿ ಮೂರು ಹೊತ್ತೂ ಅನ್ನ ಸಾಂಬಾರ್, ರೊಟ್ಟಿ ಕನಸಲ್ಲಿ.

ಕ್ಲಬ್ಬು, ಸ್ಪರ್ಧೆ, ಹೊರಗಿನವರ ಭಾಷಣ: ಅಲ್ಲಿನದೇ ಮೇಲು, ಹತ್ತು ಪಟ್ಟು. ಮಗ ಈಗ ಒಡಿಶಾ, ಬಿಹಾರದ ಗೆಳೆಯರ ಜೊತೆ ಹಿಂದಿಯಲ್ಲಿ ಜಗಳ ಆಡುವಷ್ಟು ಬಲಿತಿದ್ದಾನೆ. ಹೋಗುವ ಮುಂಚೆ ಅಂಗಡಿಗೆ ಬಂದವರ ಮುಖ ನೋಡಿ ಮಾತಾಡದ ಹುಡುಗ. ಅದನ್ನು ನಾನು ಲೆಕ್ಕಕ್ಕೆ ಹಿಡಿಯದಿದ್ದರೆ ಸುಳ್ಳು ಬರೆದಂತೆ. ಕೆಲಸಕ್ಕೆ ಬರುವ ಕಂಪನಿಗಳೂ ಅಲ್ಲಿ ಜಾಸ್ತಿ, ಒಂದೊಂದು ಕಂಪನಿಯ ಮುಂದೆ ಸಾಲೂ ಅಷ್ಟೇ ಉದ್ದ.

ಹಾಗಾಗಿ ದುಡ್ಡಿಗೆ ತೊಂದರೆ ಇಲ್ಲದವರು, ಮಗು ಎಲ್ಲಿ ಬೇಕಾದರೂ ಮಲಗಿ ನಿದ್ದೆ ಮಾಡುತ್ತದೆ ಅನ್ನುವವರು, ಊರಲ್ಲಿ ಬೇಕಾದ ಬ್ರಾಂಚು ಸಿಗದವರು ಹೋಗಲಿ. ಎಸಿ ರೂಮಿನ ದುಡ್ಡನ್ನು ಫೀಸಿನಲ್ಲೇ ಸೇರಿಸಿ ಲೆಕ್ಕ ಹಾಕಲಿ. ಜನವರಿಯಲ್ಲಿ ಹೋಗಿ ನೋಡಬೇಡಿ. ಮೇ ತಿಂಗಳಲ್ಲಿ ಹೋಗಿ, ಕೊನೇ ಮಹಡಿಯ ರೂಮು ತೋರಿಸಿ ಅನ್ನಿ, ರಾತ್ರಿ ಹತ್ತಕ್ಕೆ ಹಾಸ್ಟೆಲ್ ಮುಂದೆ ನಿಂತು ಯಾವುದಾದರೂ ಹುಡುಗನನ್ನು ಮಾತಾಡಿಸಿ. ನಾನಂತೂ ತಿಂಗಳ ಕೊನೆಗೆ ಪೇಪರ್ ರಿಮ್ಮಿನ ದುಡ್ಡಿಗೆ ಪರದಾಡುವವಳು, ಮಕ್ಕಳು ಉಂಡರಾ ಮಲಗಿದರಾ ಅಂತ ಕಣ್ಣಾರೆ ಕಂಡರೆ ಮಾತ್ರ ನಿದ್ದೆ ಬರುವವಳು. ನನಗೆ ಊರೇ ಸರಿ.

ಈ ಸಲ ಪರೀಕ್ಷೆ ಮುಗಿಸಿ ಮಗ ಬಂದಾಗ ಆ ಹೂಜಿಯನ್ನೂ ವಾಪಸ್ ತಂದ. ಈಗ ಅದು ಮಗಳ ಟೇಬಲ್ ಪಕ್ಕ ಇದೆ, ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಬಂದ ದಿನ ಅವನು ಚಾಪೆ ಹಿಡಿದು ನೇರ ತಾರಸಿಗೆ ಹೋದ. ಬೆಳಗಿನ ಜಾವ ನಾಲ್ಕಕ್ಕೆ ಮೆಟ್ಟಿಲ ಮೇಲೆ ಸದ್ದು. ಎದ್ದು ನೋಡಿದರೆ ಕಣ್ಣುಜ್ಜಿಕೊಂಡು ನಿಂತಿದ್ದಾನೆ. "ಅವ್ವಾ, ಒಂದು ಹೊದಿಕೆ ಕೊಡು, ಚಳಿ ಆಗ್ತೈತಿ."