ಅಡಿಕೆ ಲೆಕ್ಕದ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಶಿರಸಿ ಸಮೀಪದ ಹಳ್ಳಿಯಲ್ಲಿರುವ ದೊಡ್ಡಪ್ಪನ ಲ್ಯಾಪ್‌ಟಾಪಿನ ಪ್ರೊಸೆಸರ್ ವಿಂಡೋಸ್ 11 ಒಪ್ಪದಷ್ಟು ಹಳೆಯದಾದ್ದರಿಂದ, ಅದರಲ್ಲಿ ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್ 22ನ್ನು ಹಾಕಿ ಒಂದು ಮಳೆಗಾಲ ಬಳಸಿ ನೋಡಿದೆವು.

ಮಿಂಟ್ ಮೂರು ರೂಪಗಳಲ್ಲಿ ಸಿಗುತ್ತದೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ರ್‍ಯಾಮ್ 4 ಜಿಬಿ ಮಾತ್ರ ಇದ್ದುದರಿಂದ ಹಗುರವಾದ ಎಕ್ಸ್‌ಎಫ್‌ಸಿಇಯನ್ನು ಆರಿಸಿಕೊಂಡೆ. ಸುಮಾರು 3 ಜಿಬಿಯ ಕಡತವನ್ನು ಹಳ್ಳಿಯ ನೆಟ್‌ವರ್ಕ್ ನೆಚ್ಚಿಕೊಳ್ಳದೆ ಶಿರಸಿಯಲ್ಲೇ ಇಳಿಸಿಕೊಂಡು ಹೋದದ್ದು ಒಳ್ಳೆಯದಾಯಿತು. ಪೆನ್‌ಡ್ರೈವಿನಿಂದಲೇ ನಡೆಸಿ ವೈಫೈ, ಸದ್ದು, ಪ್ರಿಂಟರ್ ಸರಿಯಿವೆಯೇ ಎಂದು ಪರೀಕ್ಷಿಸಿದ ಬಳಿಕವಷ್ಟೇ ಡಿಸ್ಕಿಗೆ ಕೈ ಹಾಕಿದೆ. ಯಂತ್ರ ಈಗ ಚುರುಕಾಗಿದೆಯೆಂದು ಮನೆಯವರೆಲ್ಲ ಮಿಂಟನ್ನು ಹೊಗಳುತ್ತಾರಾದರೂ, ಅದೇ ದಿನ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಿಸಿದ್ದನ್ನು ಇಲ್ಲಿ ಮುಚ್ಚಿಡುವುದು ನ್ಯಾಯವಲ್ಲ.

ಹೊಸಬರಿಗೆ ಮೊದಲ ವಾರ ತೊಡಕೇನೂ ಆಗುವುದಿಲ್ಲ. ಮೆನು ಎಡಗಡೆಯ ಕೆಳಮೂಲೆಯಲ್ಲೇ ಇದೆ. ಜಾಲತಾಣ ನೋಡಲು ಫೈರ್‌ಫಾಕ್ಸ್ ಮತ್ತು ಕಚೇರಿ ಕೆಲಸಕ್ಕೆ ಲಿಬ್ರೆಆಫೀಸ್ ಮೊದಲೇ ಇರುತ್ತವೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಅಡಿಕೆಯ ಬಗೆಗೊಂದರಂತೆ ಬೇರೆಬೇರೆ ಹಾಳೆಗಳಲ್ಲಿದ್ದ ದೊಡ್ಡಪ್ಪನ ಎಕ್ಸೆಲ್ ಲೆಕ್ಕ ಲಿಬ್ರೆಆಫೀಸಿನ ಕ್ಯಾಲ್ಕ್‌ನಲ್ಲಿ ಸೂತ್ರಗಳ ಸಮೇತ ತೆರೆದುಕೊಂಡಿತು, ಬಣ್ಣ ಹಾಗೂ ಅಂಕಣದ ಅಗಲ ಮಾತ್ರ ಅಲ್ಲಲ್ಲಿ ಬದಲಾಗಿತ್ತು.

ನಿಜವಾದ ಪರೀಕ್ಷೆ ಕನ್ನಡದ್ದು. ಪುಟ ಓದಲು ಯಾವ ಅಡ್ಡಿಯೂ ಇಲ್ಲ, ಆದರೆ ‘ನುಡಿ’ ತಂತ್ರಾಂಶದ ಕಗಪ ಕೀಲಿಮಣೆ ವಿನ್ಯಾಸಕ್ಕೆ ಒಗ್ಗಿದ ಬೆರಳುಗಳಿಗೆ ಅದೇ ವಿನ್ಯಾಸ ಬೇಕೆಂದರೆ, ಬೇರೆಬೇರೆ ಭಾಷೆಗಳಲ್ಲಿ ಬೆರಳಚ್ಚಿಸಲು ನೆರವಾಗುವ ಐಬಸ್ ತಂತ್ರಾಂಶದ ಎಂ17ಎನ್ ಪೊಟ್ಟಣವನ್ನು ಪ್ರತ್ಯೇಕವಾಗಿ ಅನುಸ್ಥಾಪಿಸಿಕೊಳ್ಳಬೇಕು. ಇದನ್ನು ಹೇಳಿಕೊಡುವವರಿಲ್ಲದ ಹೊಸಬರು ತಾವಾಗಿ ಕಂಡುಕೊಳ್ಳುವುದು ಕಷ್ಟ. ಮಿಂಟಿಗೆ ನಾನು ಅಂಕ ಕಳೆಯುವುದು ಇಲ್ಲಿಯೇ. ಇನ್ನು ಎಲ್ಲ ಯಂತ್ರಗಳಲ್ಲೂ ಒಂದೇ ಬಗೆಯಾಗಿ ಕಾಣುವ ಯೂನಿಕೋಡ್ ಅಕ್ಷರ ಸಂಕೇತಕ್ಕೆ ಮುಂಚಿನ ‘ನುಡಿ’ ಕಡತಗಳು ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅದು ಲಿನಕ್ಸ್‌ನ ದೋಷವಲ್ಲ, ಆ ಫಾಂಟ್ ಇಲ್ಲದ ವಿಂಡೋಸ್‌ನಲ್ಲೂ ಹಾಗೆಯೇ. ಹಳೆಯ ವಿಂಡೋಸ್‌ನಿಂದ ಫಾಂಟ್ ಕಡತಗಳನ್ನು ತಂದುಹಾಕಿದಾಗ ದೊಡ್ಡಪ್ಪನ ಪತ್ರಗಳು ಓದಲು ಬಂದವು, ಆದರೂ ಯೂನಿಕೋಡ್‌ಗೆ ಪರಿವರ್ತಿಸದೆ ಅವುಗಳಲ್ಲಿ ಕನ್ನಡ ಪದವನ್ನು ಹುಡುಕಲಾಗದು.

ಟೈಮ್‌ಶಿಫ್ಟ್ ಎಂಬ ಸಾಧನ ವ್ಯವಸ್ಥೆ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುತ್ತದೆ. ಇದನ್ನು ಬ್ಯಾಕಪ್ ಎಂದು ತಿಳಿದವರು ಮೋಸಹೋಗುತ್ತಾರೆ, ಏಕೆಂದರೆ ತಾನಾಗಿ ಅದು ನಮ್ಮ ಫೋಟೋ, ಪತ್ರ, ಲೆಕ್ಕಗಳನ್ನು ಉಳಿಸುವುದಿಲ್ಲ. ದೊಡ್ಡಪ್ಪನ ಲೆಕ್ಕಕ್ಕೆ ಬೇರೊಂದು ಪೆನ್‌ಡ್ರೈವ್ ಇಟ್ಟಿದ್ದೇವೆ.

ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ವ್ಯವಹಾರ ನಡೆಸುವವರು ಇದಕ್ಕೆ ಬದಲಾಗುವುದು ಬೇಡ, ಅದರ ಲಿನಕ್ಸ್ ಆವೃತ್ತಿಯಿಲ್ಲ. ಬ್ಯಾಂಕು, ಪತ್ರ, ತೋಟದ ಲೆಕ್ಕ ಇಷ್ಟೇ ಸಾಕೆನ್ನುವವರು, ಕಗಪ ಹೊಂದಿಸಿಕೊಡಲು ಮನೆಯಲ್ಲೊಬ್ಬರಿದ್ದರೆ, ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಧಾರಾಳವಾಗಿ ಇದನ್ನು ಹಾಕಿ ನೋಡಬಹುದು. 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ಬರುತ್ತವೆ.