ತೆಳು ನೆಕ್‌ಗೆ ಯಾವ ಟ್ರಸ್ ರಾಡ್: ಪೇಟೆಯ ರಾಡೂ ಲೇತ್ ಅಂಗಡಿಯ ರಾಡೂ

ಟ್ರಸ್ ರಾಡ್ ಅಂದರೆ ನೆಕ್‌ನ ಬಾಗನ್ನು ಹದ ಮಾಡಲು ಫ್ರೆಟ್‌ಬೋರ್ಡಿನ ಕೆಳಗೆ, ಮರದಲ್ಲಿ ಕೊರೆದ ಉದ್ದ ಗ್ರೂವಿನೊಳಗೆ ಕೂರಿಸುವ ಲೋಹದ ಸರಳು. ತೆಳ್ಳಗಿನ ಗಿಟಾರ್ ನೆಕ್ ಬೇಕು ಅನ್ನುವವರು ಸಾಮಾನ್ಯವಾಗಿ ತೋರಿಸುವುದು ಐಬನೆಜ್‌ನ ವಿಝರ್ಡ್ ನೆಕ್ಕನ್ನು. ಆ ಸಾಲಿನ ತೀರಾ ತೆಳ್ಳಗಿನವು ಮೊದಲ ಫ್ರೆಟ್ ಬಳಿ 17 ಮಿ.ಮೀ. ದಪ್ಪ. ಅಷ್ಟು ಬೇಡ, 18 ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿ. ಫ್ರೆಟ್‌ಬೋರ್ಡಿಗೆ 6 ಹೋದರೆ ಮರ ಉಳಿಯುವುದು 12. ಪೇಟೆಯ ಡಬಲ್ ಆಕ್ಷನ್ (ನೆಕ್ಕನ್ನು ಎರಡೂ ದಿಕ್ಕಿಗೆ ಬಾಗಿಸುವ) ರಾಡ್‌ಗಳು ಕೇಳುವ ಗ್ರೂವ್ ಆಳ 9ರಿಂದ 11 ಮಿ.ಮೀ. 9ರದ್ದಾದರೆ ಬೆನ್ನಿಗೆ 3 ಮಿ.ಮೀ. ಮರ ಇರುತ್ತದೆ. 11ರದ್ದಾದರೆ ಒಂದೇ ಮಿ.ಮೀ., ಅದೂ ಉಪ್ಪುಕಾಗದ ಹಿಡಿಯುವ ಮೊದಲು. ಹಾಗಾಗಿ ತೆಳು ನೆಕ್ಕಿಗೆ ರಾಡ್ ಕೊಳ್ಳುವಾಗ ನೋಡಬೇಕಾದ ಮೊದಲ ಅಂಕಿ ಅದರ ಎತ್ತರ. ಬ್ರ್ಯಾಂಡು, ಬೆಲೆ ಎಲ್ಲ ಆಮೇಲೆ. ಬೆನ್ನಿಗೆ 3 ಮಿ.ಮೀ.ಗಿಂತ ಕಡಿಮೆ ಉಳಿಸುವ ರಾಡ್ ಎಷ್ಟೇ ಒಳ್ಳೆಯದಿದ್ದರೂ ಆ ನೆಕ್ಕಿಗೆ ಅಲ್ಲ.

ಮೊದಲು ಆನ್‌ಲೈನಿನಲ್ಲಿ ಎಲ್ಲರಿಗೂ ಸಿಗುವ ಅಗ್ಗದ ಡಬಲ್ ಆಕ್ಷನ್ ರಾಡ್. ಎರಡು ಸರಳು, ಎರಡು ತುದಿಗೆ ಎರಡು ಹಿತ್ತಾಳೆ ಬ್ಲಾಕು, ಒಂದು ಕಡೆ ಆಲನ್ ಕೀ ನಟ್ಟು. ಜಾಹೀರಾತಿನಲ್ಲಿ ‘6 x 9’ ಅಂತ ಬರೆದಿರುತ್ತದೆ. ಆದರೆ ಅದು ಸರಳುಗಳ ಅಳತೆ. ವರ್ನಿಯರ್ ಹಿಡಿಯಬೇಕಾದದ್ದು ನಟ್ಟಿಗೆ ಮತ್ತು ಬ್ಲಾಕಿಗೆ. ನಟ್ಟಿನ ಹೊರವ್ಯಾಸ 8 ಮಿ.ಮೀ. ಇರುವುದು ಸಾಮಾನ್ಯ, ಆ ಜಾಗದಲ್ಲಿ ಗ್ರೂವನ್ನು ಅಗಲ ಮಾಡಲೇಬೇಕು. ಆದ್ದರಿಂದ ರಾಡ್ ಕೈಗೆ ಬಂದ ಮೇಲೆಯೇ ನೆಕ್‌ನ ಡ್ರಾಯಿಂಗ್ ಹಾಕಿ.

ಡಬ್ಬಿ ತೆಗೆದ ಕೂಡಲೇ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿ. ನಟ್ಟನ್ನು ಎರಡೂ ದಿಕ್ಕಿಗೆ ನಿಧಾನವಾಗಿ ತಿರುಗಿಸಿ, ಬಿಗಿಯೂ ಇಲ್ಲದ ಸಡಿಲವೂ ಇಲ್ಲದ ನಡುಜಾಗ ಹುಡುಕಿ. ಅಲ್ಲಿಂದ ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ಹೋದಾಗ ರಾಡ್ ಒಂದೇ ಹದದಲ್ಲಿ ಬಿಲ್ಲಿನಂತೆ ಬಾಗಬೇಕು. ಒಂದು ಕಡೆ ಮಾತ್ರ ಮಂಡಿ ಮಡಿಸಿದಂತೆ ಮುರಿದು ಬಾಗಿದರೆ ಹಿಂದಕ್ಕೆ ಕಳಿಸಿ. ನಂತರ ಬೆಸುಗೆ ನೋಡಿ. ಇಂಥ ರಾಡ್ ಕೈಕೊಡುವುದು ಹೆಚ್ಚಾಗಿ ಬ್ಲಾಕಿನ ಬೆಸುಗೆಯಲ್ಲಿ, ಇಲ್ಲವೇ ನಟ್ಟು ಸರಳಿಗೆ ಸೇರುವಲ್ಲಿ. ಬೆಸುಗೆ ಸುತ್ತಲೂ ಹರಿದಿರಬೇಕು, ಒಂದು ಬದಿಗೆ ಬೊಟ್ಟು ಇಟ್ಟಂತಿದ್ದರೆ ಸಾಲದು. ಆಲನ್ ಕೀ ನಟ್ಟಿನೊಳಗೆ ಅಲ್ಲಾಡಿದರೆ ಎರಡು ವರ್ಷದಲ್ಲಿ ಮೂಲೆಗಳು ಸವೆದು ದುಂಡಗಾಗುತ್ತವೆ. ಫ್ರೆಟ್‌ಬೋರ್ಡ್ ಅಂಟಿಸಿದ ಮೇಲೆ ರಾಡ್ ಬದಲಾಯಿಸುವುದೆಂದರೆ ಬೋರ್ಡನ್ನೇ ಕೀಳುವ ಕೆಲಸ.

ತೆಳು ನೆಕ್ ಸೀಳುವುದು ಎಲ್ಲಿ ಅಂತ ತಿಳಿಯಲು ಈ ರಾಡ್ ಕೆಲಸ ಮಾಡುವ ರೀತಿ ಗೊತ್ತಿರಬೇಕು. ಥ್ರೆಡ್ ಇರುವ ಸರಳು ಬೆನ್ನಿನ ಕಡೆ ಇದ್ದು ಬಿಗಿ ಮಾಡಿದಾಗ ಅದು ಗಿಡ್ಡವಾಗುತ್ತದೆ. ರಾಡಿನ ನಡುಭಾಗ ಮೇಲೆದ್ದು ಫ್ರೆಟ್‌ಬೋರ್ಡನ್ನು ಒತ್ತುತ್ತದೆ, ಎರಡು ತುದಿಗಳು ಗ್ರೂವಿನ ತಳವನ್ನು ಒತ್ತುತ್ತವೆ. ಒಂದು ತುದಿ ಹೀಲ್‌ನಲ್ಲಿದೆ, ಅಂದರೆ ನೆಕ್ ಬಾಡಿಗೆ ಸೇರುವ ಕಡೆ, ಅಲ್ಲಿ ಮರ ದಪ್ಪ, ಭಯವಿಲ್ಲ. ಇನ್ನೊಂದು ಮೊದಲ ಫ್ರೆಟ್ಟಿನ ಕೆಳಗೆ, ನೆಕ್‌ನ ಅತಿ ತೆಳು ಜಾಗದಲ್ಲಿ! ಹೆಡ್‌ಸ್ಟಾಕ್ (ತಂತಿ ಬಿಗಿಸುವ ತಲೆ) ಕಡೆಯಿಂದ ಕೀ ಹಾಕಲು ಅಲ್ಲೇ ಇನ್ನಷ್ಟು ಮರ ಕೆತ್ತಿರುತ್ತೀರಿ. ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿದ್ದರಂತೂ ಮರದ ಎಳೆಯೂ ಅಲ್ಲೇ ಅಡ್ಡಕ್ಕೆ ತುಂಡಾಗಿರುತ್ತದೆ. ಆದ್ದರಿಂದ 19 ಮಿ.ಮೀ.ಗಿಂತ ತೆಳುವಾದ ನೆಕ್ಕಿಗೆ ಹೀಲ್ ಕಡೆಯಿಂದ ತಿರುಗಿಸುವ ಸ್ಪೋಕ್ ವೀಲ್ (ನಟ್ಟಿನ ಬದಲು ತೂತುಗಳಿರುವ ಪುಟ್ಟ ಚಕ್ರದ) ರಾಡ್ ತೆಗೆದುಕೊಳ್ಳುವುದೇ ಸರಿ. ಚಕ್ರ ಕೂರಲು ಫ್ರೆಟ್‌ಬೋರ್ಡಿನ ತುದಿ ಮತ್ತು ಬಾಡಿ ನಡುವೆ ಜಾಗ ಬಿಡಬೇಕು. ನೋಡಲು ಅಷ್ಟು ಚಂದವಿಲ್ಲ, ನಿಜ. ಆದರೆ ಬಾಡಿಯಿಂದ ನೆಕ್ ಬಿಚ್ಚದೆ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಬಹುದು.

ಅಲ್ಯೂಮಿನಿಯಂ ಯು-ಚಾನೆಲ್ ಒಳಗೆ ಸರಳು ಕೂರಿಸಿದ ರಾಡೂ ಬರುತ್ತದೆ. ಹಗುರ, ಬೆಸುಗೆಯ ಕಾಟ ಕಡಿಮೆ, ಚಾನೆಲ್ಲೇ ನೆಕ್ಕಿಗೆ ಒಂದಿಷ್ಟು ಬಿಗಿ ಕೊಡುತ್ತದೆ. ಆದರೆ ಅಗಲವೂ ಎತ್ತರವೂ ಹೆಚ್ಚು. 21 ಮಿ.ಮೀ. ನೆಕ್ಕಿಗೆ ಆಗುತ್ತದೆ, 18ಕ್ಕೆ ಬೇಡ.

ಉಳಿದದ್ದು ಹಳೆಯ ಪದ್ಧತಿಯ ಒಂಟಿ ಸರಳು. ಗಿಬ್ಸನ್ ಕಂಪನಿಯಲ್ಲಿದ್ದ ಥ್ಯಾಡಿಯಸ್ ಮೆಕ್‌ಹ್ಯೂಗೆ ಟ್ರಸ್ ರಾಡಿನ ಪೇಟೆಂಟ್ ಸಿಕ್ಕಿದ್ದು 1923ರಲ್ಲಿ, ಒಂಟಿ ಸರಳಿಗೇ. ತುಮಕೂರಿನವರಿಗೆ ಇದು ಅನುಕೂಲದ ಆಯ್ಕೆ. ಹಿರೇಹಳ್ಳಿ, ಅಂತರಸನಹಳ್ಳಿ ಕಡೆಯ ಲೇತ್ ಅಂಗಡಿಯಲ್ಲಿ ಮಾಡಿಸಬಹುದು, ಕೊರಿಯರ್ ಕಾಯಬೇಕಿಲ್ಲ. ಹೇಳಬೇಕಾದ್ದು ಇಷ್ಟು: 5 ಮಿ.ಮೀ. ಇಎನ್8 ಉಕ್ಕಿನ ಬ್ರೈಟ್ ಸರಳು, 460 ಮಿ.ಮೀ. ಉದ್ದ, ಎರಡೂ ತುದಿಗೆ ಎಂ5 ಥ್ರೆಡ್, ನಟ್ಟಿನ ಕಡೆ 25 ಮಿ.ಮೀ., ಲಂಗರಿನ (ಅಲ್ಲಾಡದೆ ಹಿಡಿದಿಡುವ ತುದಿಯ) ಕಡೆ 12. ಲಂಗರಿಗೆ 10 ಮಿ.ಮೀ. ದಪ್ಪದ ಕಬ್ಬಿಣದ ತುಂಡು, ಥ್ರೆಡ್ ಹಾಕಿ ತುದಿಯನ್ನು ಬಡಿದು ಅಗಲಿಸಿರಬೇಕು. ನಟ್ಟು ಹಿತ್ತಾಳೆಯದ್ದು, ಕೆಳಗೆ ದಪ್ಪ ವಾಷರ್. ಸ್ಟೇನ್‌ಲೆಸ್ ಸರಳಿಗೆ ಸ್ಟೇನ್‌ಲೆಸ್ ನಟ್ಟು ಹಾಕಿಸಬೇಡಿ. ಒತ್ತಡದಲ್ಲಿ ಎರಡೂ ಕಚ್ಚಿಕೊಂಡು ಕೂತರೆ ಬಿಚ್ಚಲಾಗುವುದಿಲ್ಲ.

ಇದಕ್ಕೆ ನೇರ ಗ್ರೂವ್ ಸಾಲದು. ತುದಿಗಳಲ್ಲಿ 6, ನಡುವೆ 9 ಮಿ.ಮೀ. ಆಳ ಬರುವಂತೆ ತಳ ಬಾಗಿರಬೇಕು. ನೆಕ್‌ನ ಎರಡು ಬದಿಗೆ, ನಡುವೆ 3 ಮಿ.ಮೀ. ತಗ್ಗಿರುವ ಎರಡು ಪಟ್ಟಿ ಕಟ್ಟಿ ಅವುಗಳ ಮೇಲೆ ಟ್ರಿಮ್ಮರ್ (ಮರ ಕೊರೆಯುವ ಪುಟ್ಟ ರೌಟರ್) ಓಡಿಸಿದರೆ ಬಾಗು ತಾನೇ ಬರುತ್ತದೆ. ಸರಳಿಗೆ ಟೆಫ್ಲಾನ್ ಟೇಪ್ ಸುತ್ತಿ ಇಳಿಸಿ, ಮೇಲೆ ಅದೇ ಬಾಗಿನ ಮರದ ಪಟ್ಟಿ ಅಂಟಿಸಿ. ಗ್ರೂವಿನ ಬಹುಪಾಲು ಮರದಿಂದಲೇ ತುಂಬಿಕೊಳ್ಳುವುದರಿಂದ ನೆಕ್ ಟೊಳ್ಳಾಗುವುದಿಲ್ಲ, ತೂಕವೂ ಇಳಿಯುತ್ತದೆ. ಕೊರತೆ ಒಂದೇ: ನೆಕ್ಕನ್ನು ಹಿಂದಕ್ಕೆ ಮಾತ್ರ ಬಾಗಿಸುತ್ತದೆ. 648 ಮಿ.ಮೀ. ಸ್ಕೇಲಿನಲ್ಲಿ (ತಂತಿಯ ನುಡಿಯುವ ಉದ್ದ) 9–42ರ, ಅಂದರೆ ಇಂಚಿನ ಸಾವಿರದಲ್ಲಿ 9ರಿಂದ 42 ಭಾಗ ದಪ್ಪದ ಹಗುರ ತಂತಿ ಕಟ್ಟಿದರೆ ಒಟ್ಟು ಎಳೆತ ಸುಮಾರು 38 ಕೆ.ಜಿ. ಮರ ತಾನಾಗಿ ಹಿಂದಕ್ಕೆ ಬಾಗಿ ಕೂತರೆ ಅದನ್ನು ಮುಂದಕ್ಕೆ ತರಲು ಆ ಎಳೆತ ಸಾಲದೆ ಹೋಗಬಹುದು. ಚೈತ್ರದ ಒಣ ಬಿಸಿಲಿಗೂ ಆಶ್ವಯುಜದ ಮಳೆಗೂ ಮರ ಬೇರೆ ಬೇರೆ ನಡೆಯುವ ಊರಿದು. ಸರಿಯಾಗಿ ಒಣಗಿದ, ನೇರ ಎಳೆಯ ಮೇಪಲ್ ಇದ್ದರೆ ಮಾತ್ರ ಒಂಟಿ ಸರಳು.

ತೇಗಕ್ಕೆ ಡಬಲ್ ಆಕ್ಷನ್ ಹಾಕಿ, ಎರಡು ಬದಿಗೆ 3 x 6 ಮಿ.ಮೀ. ಕಾರ್ಬನ್ ಫೈಬರ್ ಪಟ್ಟಿ ಎಪಾಕ್ಸಿಯಲ್ಲಿ ಕೂರಿಸಿ. ಅಂಟಿಸುವ ಮುಂಚೆ ತೇಗವನ್ನು ಅಸಿಟೋನ್‌ನಿಂದ ಒರೆಸದಿದ್ದರೆ ಎಣ್ಣೆಯಂಶಕ್ಕೆ ಅಂಟು ಹಿಡಿಯುವುದಿಲ್ಲ. ಹಲಸು ಜಿಲ್ಲೆಯಲ್ಲಿ ಬೇಕಾದಷ್ಟಿದೆ, ವೀಣೆಗೆ ಹೇಳಿ ಮಾಡಿಸಿದ ಮರ. ಆದರೆ ವೀಣೆಯ ದಂಡಿ ಕೊಂಚ ಬಾಗಿದರೂ ಮೇಣದ ಮೇಲೆ ಕೂತ ಮೇಳವನ್ನು, ಅಂದರೆ ಅದರ ಫ್ರೆಟ್ಟುಗಳನ್ನು, ಎತ್ತಿ ಸರಿಮಾಡಬಹುದು. ಗಿಟಾರಿನ ಫ್ರೆಟ್ಟು ಬೋರ್ಡಿಗೇ ಬಡಿದು ಕೂರಿಸಿದ್ದು. 18 ಮಿ.ಮೀ. ನೆಕ್ಕಿಗೆ ಹಲಸು ಬೇಡ.

ರಾಡ್ ಉದ್ದದಲ್ಲೂ ಹುಷಾರು. 22 ಫ್ರೆಟ್ಟಿನ 648 ಸ್ಕೇಲಿನಲ್ಲಿ ನಟ್‌ನಿಂದ (ಹೆಡ್‌ಸ್ಟಾಕ್ ಕಡೆ ತಂತಿ ಕೂರುವ ಪಟ್ಟಿ) ಕೊನೆಯ ಫ್ರೆಟ್ಟಿಗೆ 466 ಮಿ.ಮೀ. ಇದಕ್ಕೆ 440ರಿಂದ 460ರ ರಾಡ್ ಬೇಕು. ಗಿಡ್ಡ ರಾಡ್ ಹಾಕಿದರೆ ಅದು ಮುಗಿಯುವ ಜಾಗದಲ್ಲಿ ನೆಕ್ ಗೂನುತ್ತದೆ. ಆ ಗೂನನ್ನು ಯಾವ ಕೀ ತಿರುಗಿಸಿದರೂ ತೆಗೆಯಲಾಗದು.

ಗ್ರೂವ್ ಕೊರೆಯಲು ಟ್ರಿಮ್ಮರಿನ ಬಿಟ್ ಕೊಳ್ಳುವಾಗ 6 ಮಿ.ಮೀ. ಮತ್ತು ಕಾಲಿಂಚನ್ನು ಅಂಗಡಿಯವರು ಒಂದೇ ಅಂತ ಕೊಟ್ಟುಬಿಡುತ್ತಾರೆ. ಕಾಲಿಂಚು ಅಂದರೆ 6.35. ಆ ಸಣ್ಣ ವ್ಯತ್ಯಾಸಕ್ಕೇ ರಾಡ್ ಗ್ರೂವಿನೊಳಗೆ ಝಣಝಣ ಅನ್ನುತ್ತದೆ. ಒಮ್ಮೆಗೆ 2 ಮಿ.ಮೀ.ನಂತೆ ನಾಲ್ಕೈದು ಸಲ ಕೊರೆಯಿರಿ, ರಾಡ್ ಬೆರಳೊತ್ತಿಗೆ ಇಳಿಯಬೇಕು. ಸಡಿಲವಾಗಿದ್ದರೆ ಮೂರು ಕಡೆ ಒಂದೊಂದು ಹನಿ ಸಿಲಿಕೋನ್, ಅಷ್ಟೇ. ಬೋರ್ಡ್ ಅಂಟಿಸುವಾಗ ಗ್ರೂವಿನ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ, ಅಂಟು ಸವರಿ, ಕ್ಲಾಂಪ್ ಹಾಕುವ ಮುಂಚೆ ಟೇಪ್ ಕಿತ್ತುಹಾಕಿ. ಒಂದು ದಿನ ಬಿಟ್ಟು ನಟ್ಟನ್ನು ಕಾಲು ಸುತ್ತು ತಿರುಗಿಸಿ ನೋಡಿ. ಮೊದಲ ಸಲ ‘ಕಟ್’ ಅಂತ ಸಣ್ಣ ಸದ್ದಾಗಿ ಆಮೇಲೆ ಹಗುರಾದರೆ ತೊಂದರೆಯಿಲ್ಲ, ಅಂಟಿನ ಪೊರೆ ಬಿಟ್ಟುಕೊಂಡಿದೆ. ಸದ್ದೂ ಇಲ್ಲದೆ ಅಲುಗಾಟವೂ ಇಲ್ಲದಿದ್ದರೆ ಅಂಟು ಥ್ರೆಡ್ಡಿಗೆ ಇಳಿದಿದೆ, ಬಲ ಹಾಕಬೇಡಿ. ನಟ್ಟಿಗೆ ಸೋಲ್ಡರಿಂಗ್ ಐರನ್ ತುದಿಯಿಟ್ಟು ಒಂದೆರಡು ನಿಮಿಷ ಬಿಸಿ ಮಾಡಿ, ಆಮೇಲೆ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪ ಆಡಿಸಿ.