ಪಲ್ಸ್ ಜನರೇಟರ್ ಮಾಡ್ಯೂಲ್ ತಗೊಳ್ಳೋರೇ, ಕೌಂಟರ್ ಮೇಲೆ ತೋರಿಸೋ 5 ವೋಲ್ಟ್ ನಂಬಬೇಡಿ

ಎರಡು ಡ್ರೈವರ್ (ಮೋಟರ್ ನಡೆಸೋ ಸರ್ಕ್ಯೂಟ್) ಸುಟ್ಟುಕೊಂಡು ಇದನ್ನ ಬರೀತಿದೀನಿ. ಒಂದಲ್ಲ, ಎರಡು. ಹೊಟ್ಟೆ ಉರೀತಿದೆ.

ಅತ್ತಿಗೆ ಹಪ್ಪಳ ಮಾಡಿ ಮಾರ್ತಾರೆ. ಒತ್ತಿದ ಹಪ್ಪಳ ಮುಂದಕ್ಕೆ ಸಾಗಿಸೋಕೆ ಸಣ್ಣ ಬೆಲ್ಟ್ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಸ್ಟೆಪ್ಪರ್ ಮೋಟರ್ (ಒಂದೊಂದು ಪಲ್ಸಿಗೆ ಒಂದೊಂದು ಹೆಜ್ಜೆ ತಿರುಗೋದು), ಟಿಬಿ6600 ಡ್ರೈವರ್, 24 ವೋಲ್ಟ್ ಪವರ್ ಸಪ್ಲೈ ಮನೆಯಲ್ಲಿತ್ತು. ಪಲ್ಸ್ ಕೊಡೋಕೆ ಫ್ರೀಕ್ವೆನ್ಸಿ, ಡ್ಯೂಟಿ (ಪಲ್ಸ್ ಶೇಕಡಾ ಎಷ್ಟು ಹೊತ್ತು ಆನ್ ಇರುತ್ತೆ ಅನ್ನೋದು) ತೋರಿಸೋ ಪುಟ್ಟ ಮಾಡ್ಯೂಲ್ ಸಾಕು ಅಂತ ಬೆಂಗಳೂರಿನ ಎಸ್‌ಪಿ ರೋಡಲ್ಲಿರೋ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ.

ಅಂಗಡಿಯವರನ್ನ ಬಿಡಿಸಿ ಕೇಳಿದ್ದೆ. "ಡ್ರೈವರಿನ ಪಲ್ಸ್ ಇನ್‌ಪುಟ್ 5 ವೋಲ್ಟಿಂದು. ಇದಕ್ಕೆ 24 ಕೊಟ್ರೆ ಔಟ್‌ಪುಟ್ ಎಷ್ಟು ಬರುತ್ತೆ?" "5 ವೋಲ್ಟೇ ಸಾರ್, ಡೈರೆಕ್ಟ್ ಹಾಕ್ಕೊಳಿ" ಅಂದರು. ಕೌಂಟರ್ ಮೇಲೇ 24 ವೋಲ್ಟ್ ಕೊಟ್ಟು, ಏನೋ ಬಟನ್ ಒತ್ತಿ, ಮಲ್ಟಿಮೀಟರ್ ಹಿಡಿದರು. 4.8. "ನೋಡಿ ಸಾರ್, ನೀವೇ ನೋಡಿ." ನೋಡಿದೆ. ದುಡ್ಡು ಕೊಟ್ಟೆ.

ಮನೆಗೆ ಬಂದು ಔಟ್‌ಪುಟ್ ತಂತಿ ಪಲ್ಸ್ ಪ್ಲಸ್‌ಗೆ, ಗ್ರೌಂಡ್ ಪಲ್ಸ್ ಮೈನಸ್‌ಗೆ ಕೊಟ್ಟು ಡ್ಯೂಟಿ 50% ಇಟ್ಟೆ. ಬೆಲ್ಟ್ ಒಂದು ಗೇಣು ಸರಿದು ನಿಂತೇಹೋಯ್ತು. ಡ್ರೈವರಿನ ದೀಪ ಉರೀತಿದೆ, ಮೋಟರ್ ಕೈಯಲ್ಲಿ ತಿರುಗಿಸಿದರೆ ಬಿಗಿಯಾಗಿ ಹಿಡಿದಿದೆ, ಪಲ್ಸಿಗೆ ಮಾತ್ರ ಅಲ್ಲಾಡ್ತಿಲ್ಲ. ಫೋನ್ ಮಾಡಿದೆ. "ನಿಮ್ಮ ಡ್ರೈವರ್ ಡೂಪ್ಲಿಕೇಟ್ ಇರಬೇಕು ಸಾರ್, ನಮ್ಮ ಹತ್ರ ಒಳ್ಳೇದಿದೆ." ಅವರ ಹತ್ರಾನೇ ಇನ್ನೊಂದು ತಗೊಂಡೆ! ಅದೂ ಅದೇ ಥರ ಸತ್ತಿತು.

ಕೊನೆಗೆ ಪಾಲಿಟೆಕ್ನಿಕ್ ಲ್ಯಾಬ್ ನೋಡಿಕೊಳ್ಳೋ ಗೆಳೆಯ ಆಸಿಲೋಸ್ಕೋಪ್ (ವೋಲ್ಟೇಜಿನ ಅಲೆ ತೋರಿಸೋ ಯಂತ್ರ) ಹಾಕಿದ. ಚೌಕಾಕಾರದ ಅಲೆ, ತಲೆ ನೇರ 24 ವೋಲ್ಟಲ್ಲಿ. ಈ ಮಾಡ್ಯೂಲ್‌ಗೆ ಎಷ್ಟು ಸಪ್ಲೈ ಕೊಡ್ತೀವೋ ಪಲ್ಸಿನ ಎತ್ತರವೂ ಅಷ್ಟೇ. ಡಿಸಿ ಮೀಟರ್ ತೋರಿಸೋದು ಬರೀ ಸರಾಸರಿ. ಡ್ಯೂಟಿ 20% ಇಟ್ರೆ 24ರಲ್ಲಿ ಐದನೇ ಒಂದು ಭಾಗ, 4.8! 50% ಮಾಡಿದ ತಕ್ಷಣ ಅದೇ ಮೀಟರ್ 12 ತೋರಿಸಿತು. ಅವತ್ತು ಅಂಗಡಿಯವರು ಒತ್ತಿದ್ದು ಡ್ಯೂಟಿ ಬಟನ್ನು. ಎರಡೂ ಡ್ರೈವರಲ್ಲಿ ಇನ್‌ಪುಟ್ ಆಪ್ಟೋಕಪ್ಲರ್ (ಪಲ್ಸನ್ನ ಬೆಳಕಿನ ಮೂಲಕ ಒಳಗೆ ದಾಟಿಸೋ ಬಿಡಿಭಾಗ) ಹೋಗಿತ್ತು. ಗೆಳೆಯನ ಮುಂದೆ ತಲೆ ಎತ್ತೋಕಾಗಲಿಲ್ಲ. ಆ 4.8 ಇನ್ನೂ ಕಣ್ಣ ಮುಂದೆ ಇದೆ.

ವಾಪಸ್ ಹೋದೆ. "ಸುಟ್ಟ ಐಟಂ ರಿಟರ್ನ್ ಇಲ್ಲ ಸಾರ್." ಅಲ್ರೀ, 5 ವೋಲ್ಟ್ ಅಂತ ತೋರಿಸಿದ್ದು ನೀವೇ ಅಲ್ವಾ? "ಮೀಟರಲ್ಲಿ ಬಂದಿದ್ದು ಹೇಳಿದೆ. ವೈರಿಂಗ್ ನಿಮ್ಮದು." ಬಿಲ್ ತೆಗೆದೆ, ಅದರಲ್ಲಿ ಬರೀ 'ಮಾಡ್ಯೂಲ್ 1' ಅಂತಿದೆ. ಅಷ್ಟರಲ್ಲಿ ಪಕ್ಕದ ಗಿರಾಕಿ ಕಡೆ ತಿರುಗಿಬಿಟ್ಟರು. ನಾನು ಅಲ್ಲಿ ನಿಂತೇ ಇದ್ದೆ.

ಮಾಡ್ಯೂಲಿಗೆ ಬೇರೆಯೇ 5 ವೋಲ್ಟ್ ಕೊಡಿ, ಹಳೇ ಮೊಬೈಲ್ ಚಾರ್ಜರ್ ಸಾಕು. 24ರಲ್ಲೇ ನಡೆಸಲೇಬೇಕು ಅಂದ್ರೆ ಪಲ್ಸ್ ತಂತಿಗೆ ಸೀರೀಸಲ್ಲಿ 2 ಕಿಲೋ ಓಮ್ ರೆಸಿಸ್ಟರ್ ಹಾಕಿ. ಮೀಟರಲ್ಲಿ ನೋಡೋದಾದ್ರೆ ಡ್ಯೂಟಿ 100%ಗೆ ಏರಿಸಿ ತೋರಿಸೋಕೆ ಹೇಳಿ, ಆಗ ನಿಜವಾದ ಎತ್ತರ ಕಾಣುತ್ತೆ. ಔಟ್‌ಪುಟ್ ವೋಲ್ಟೇಜ್ ಬಿಲ್ಲಲ್ಲಿ ಬರೆಸಿಕೊಳ್ಳಿ. ಬರೆಯಲ್ಲ ಅಂದ್ರೆ ಆ ಅಂಗಡಿ ಬಿಟ್ಟು ಬನ್ನಿ.

ಮೂರನೇ ಡ್ರೈವರ್ ಬೇರೆ ಕಡೆ ತಗೊಂಡಿದೀನಿ. ದೀಪಾವಳಿಗೆ ಮುಂಚೆ ಕೊಡ್ತೀನಿ ಅಂದಿದ್ದ ಬೆಲ್ಟ್ ಇನ್ನೂ ನಮ್ಮ ಹಾಲಲ್ಲೇ ಬಿದ್ದಿದೆ, ಅತ್ತಿಗೆ ಒಂದೊಂದೇ ಹಪ್ಪಳ ಕೈಯಲ್ಲೇ ಎತ್ತಿ ಒಣಗಿಸ್ತಿದಾರೆ.